ಎಡೆಗೊಡುವ ಗುಣ

ಜೈನಾಗಮವು ಷಡ್ದ್ರವ್ಯಗಳನ್ನು ನಿರೂಪಿಸುವಾಗ ಪ್ರತಿಯೊಂದು ದ್ರವ್ಯಕ್ಕೂ ಅದರದರ ಉಪಕಾರವನ್ನು ಹೇಳಿದೆ. ಧರ್ಮದ್ರವ್ಯವು ಜೀವಪುದ್ಗಲಗಳ ಗತಿಗೆ ನೆರವಾಗುವುದು. ಅಧರ್ಮದ್ರವ್ಯವು ಅವುಗಳ ಸ್ಥಿತಿಗೆ ನೆರವಾಗುವುದು. ಆಕಾಶದ್ರವ್ಯದ ಉಪಕಾರವಾದರೋ ಅವಗಾಹನ, ಎಂದರೆ ಎಡೆಗೊಡುವುದು. ಆಕಾಶವು ಆನೆಗೂ ಎಡೆ ಕೊಡುತ್ತದೆ, ಕಣ್ಣಿಗೆ ಕಾಣದ ಕುಂಥುಜೀವಕ್ಕೂ ಎಡೆ ಕೊಡುತ್ತದೆ. ನೀನು ದೊಡ್ಡವನು, ನಿನಗಿಲ್ಲಿ ಸ್ಥಳವಿಲ್ಲವೆಂದು ಅದು ಯಾರನ್ನೂ ಹಿಂದಕ್ಕೆ ಕಳುಹಿಸುವುದಿಲ್ಲ. ಪಾಠಶಾಲೆಯ ಬಾಲಕರು ಕೂಡ ಈ ಮಾತನ್ನು ಕಂಠಪಾಠವಾಗಿ ಒಪ್ಪಿಸುತ್ತಾರೆ.

ಇದೇ ಭಾವವು ಸಿದ್ಧಪರಮೇಷ್ಠಿಗಳ ಗುಣಸ್ಮರಣೆಯಲ್ಲಿ ಇನ್ನೂ ಉನ್ನತವಾಗಿ ಕಾಣುತ್ತದೆ. ಸಿದ್ಧರ ಅಷ್ಟಗುಣಗಳಲ್ಲಿ ಅವಗಾಹನತ್ವ ಒಂದು, ಅಗುರುಲಘುತ್ವ ಒಂದು, ಅವ್ಯಾಬಾಧತ್ವ ಒಂದು. ಒಬ್ಬ ಸಿದ್ಧಾತ್ಮನು ನೆಲೆಸಿರುವ ಕ್ಷೇತ್ರದಲ್ಲಿಯೇ ಅನಂತ ಸಿದ್ಧಾತ್ಮರು ನೆಲೆಸಿರುವರು, ಇದು ಅವಗಾಹನ. ಅವರಲ್ಲಿ ಗುರುವೆಂಬುದೂ ಇಲ್ಲ, ಲಘುವೆಂಬುದೂ ಇಲ್ಲ, ಇದು ಅಗುರುಲಘುತ್ವ. ಒಬ್ಬರಿಂದ ಮತ್ತೊಬ್ಬರಿಗೆ ಲೇಶಮಾತ್ರವೂ ಬಾಧೆಯಿಲ್ಲ, ಇದು ಅವ್ಯಾಬಾಧ. ಸಿದ್ಧಪೂಜೆಯ ವೇಳೆ ಈ ಗುಣಗಳಿಗೆ ಶ್ರಾವಕನು ಭಕ್ತಿಯಿಂದ ಅರ್ಘ್ಯವನ್ನು ಎತ್ತುತ್ತಾನೆ. ಅರ್ಘ್ಯದ ತಟ್ಟೆಯನ್ನು ಕೆಳಗಿಟ್ಟು ಬಸದಿಯ ಹೊಸಿಲನ್ನು ದಾಟಿದ ಮೇಲೆ ಆ ಮೂರು ಗುಣಗಳ ನೆರಳಾದರೂ ಅವನ ನಡೆನುಡಿಯಲ್ಲಿ ಬೀಳುವುದೋ ಇಲ್ಲವೋ ಎಂಬುದೇ ವಿಚಾರಣೀಯವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಪರೀಕ್ಷಿಸಲು ಇಂದಿನ ಲೋಕವ್ಯವಹಾರದಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಇಂದು ಮನುಷ್ಯನು ಆಕಾಶದಲ್ಲಿಯೇ ಪ್ರಯಾಣ ಮಾಡುತ್ತಾನೆ. ಅಮೆರಿಕ, ಕೆನಡಾ ದೇಶಗಳಲ್ಲಿ ನೆಲೆಸಿರುವ ಮಕ್ಕಳನ್ನು ಕಾಣಲು ಕರ್ನಾಟಕದ ಜೈನ ಮನೆತನಗಳ ವೃದ್ಧರು ಕೂಡ ವಿಮಾನವೇರುತ್ತಾರೆ. ಎಲ್ಲ ವಸ್ತುಗಳಿಗೂ ಎಡೆಗೊಡುವ ಆಕಾಶದ ನಡುವೆ ಹಾರುವ ಆ ವಿಮಾನದೊಳಗೆ ಮಾತ್ರ ಎಡೆಯ ಕೊರತೆಯೇ ದೊಡ್ಡ ವ್ಯಾಜ್ಯವಾಗಿದೆ. ಸ್ಥೂಲಕಾಯದ ಪ್ರಯಾಣಿಕನು ಒಂದು ಪೀಠದಲ್ಲಿ ಹಿಡಿಸದಿದ್ದರೆ ಅವನು ಎರಡು ಪೀಠಗಳ ಹಣವನ್ನು ತೆರಬೇಕೆ? ಪಕ್ಕದಲ್ಲಿ ಕುಳಿತವನು ಇಕ್ಕಟ್ಟನ್ನು ಸಹಿಸಬೇಕೆ? ಅಥವಾ ವಿಮಾನ ಸಂಸ್ಥೆಯೇ ಹೊರೆಯನ್ನು ಹೊರಬೇಕೆ? ಈ ವ್ಯಾಜ್ಯ ನ್ಯಾಯಾಲಯಗಳ ಮೆಟ್ಟಿಲನ್ನೂ ಏರಿದೆ.

ಮೊದಲು ವಸ್ತುಸ್ಥಿತಿಯನ್ನು ಅರಿಯತಕ್ಕದ್ದು. ವಿಮಾನದ ಸಾಮಾನ್ಯ ದರ್ಜೆಯ ಪೀಠದ ಅಗಲ ಅನೇಕ ವಿಮಾನಗಳಲ್ಲಿ ಸುಮಾರು 17 ಅಂಗುಲ ಮಾತ್ರ. ಒಂದು ಪೀಠದ ಸಾಲಿಗೂ ಮುಂದಿನ ಸಾಲಿಗೂ ಇರುವ ಅಂತರ ಅಮೆರಿಕದಲ್ಲಿ ಹಿಂದೆ ಸರಾಸರಿ 35 ಅಂಗುಲದಷ್ಟಿದ್ದುದು 31ಕ್ಕೆ ಇಳಿದು, ಕೆಲವು ವಿಮಾನಗಳಲ್ಲಿ 28ಕ್ಕೂ ಇಳಿಯಿತು. ಈ ವಿಷಯವನ್ನು ಹಿಡಿದು ಪ್ರಯಾಣಿಕರ ಸಂಘವೊಂದು ಅಲ್ಲಿನ ವಿಮಾನಯಾನ ಆಡಳಿತದ ಮೇಲೆ ವಾಷಿಂಗ್ಟನ್ ನಗರದ ಮೇಲ್ಮನವಿ ನ್ಯಾಯಾಲಯಕ್ಕೆ ಹೋಯಿತು. 2017ರಲ್ಲಿ ನ್ಯಾಯಾಲಯವು ಪೀಠಗಳು ಕುಗ್ಗುತ್ತಿರುವುದರಿಂದ ಸುರಕ್ಷತೆಗೆ ಧಕ್ಕೆಯಿದೆಯೇ ಎಂಬುದನ್ನು ಪುನಃ ಪರಿಶೀಲಿಸಬೇಕೆಂದು ಆದೇಶಿಸಿತು. 2018ರಲ್ಲಿ ಆ ದೇಶದ ಶಾಸನಸಭೆಯು ಪೀಠಕ್ಕೆ ಕನಿಷ್ಠ ಅಳತೆಯನ್ನು ನಿಗದಿಗೊಳಿಸತಕ್ಕದ್ದೆಂದು ಕಾನೂನನ್ನೇ ಮಾಡಿತು. 2022ರಲ್ಲಿ ಆಡಳಿತವು ಜನಾಭಿಪ್ರಾಯವನ್ನು ಕೇಳಿದಾಗ ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಪತ್ರಗಳು ಬಂದವು. ಆದುದರಿಂದ ದೇಹ ಬೆಳೆದುದು ಎಷ್ಟು ನಿಜವೋ ಪೀಠ ಕುಗ್ಗಿದುದೂ ಅಷ್ಟೇ ನಿಜ. ಒಂದು ಸಾಲಿನಲ್ಲಿ ಇನ್ನೊಬ್ಬರನ್ನು ಕೂರಿಸಿದರೆ ಇನ್ನೊಂದು ಟಿಕೇಟಿನ ಹಣ ದೊರೆಯುವುದೆಂಬ ಲೋಭವು ಇಕ್ಕಟ್ಟಿನ ಒಂದು ಮೂಲ. ಆದರೆ ಆ ಇಕ್ಕಟ್ಟಿನಲ್ಲಿ ಕುಳಿತವರು ಲೋಭವನ್ನು ದೂರುವುದಿಲ್ಲ, ಪಕ್ಕದವನ ತೊಡೆಯನ್ನು ದೂರುತ್ತಾರೆ.

ಈ ಕಷ್ಟಕ್ಕೆ ನಾನಾ ಸಂಸ್ಥೆಗಳು ನಾನಾ ಬಗೆಯ ನಿಯಮಗಳನ್ನು ಮಾಡಿವೆ. ಅಮೆರಿಕದ ಸೌತ್‌ವೆಸ್ಟ್ ಸಂಸ್ಥೆಯ ನಿಯಮದಲ್ಲಿ ಎರಡು ಪೀಠಗಳ ನಡುವಣ ತೋಳುಗಂಬಿಯೇ ಎಲ್ಲೆ. ಆ ಎಲ್ಲೆಯನ್ನು ಮೀರುವವರು ಮುಂಚಿತವಾಗಿ ಇನ್ನೊಂದು ಪೀಠವನ್ನು ಕೊಳ್ಳತಕ್ಕದ್ದು. ಪ್ರಯಾಣ ಮುಗಿದ ಮೇಲೆ ಆ ಹಣವನ್ನು ಮರಳಿ ಪಡೆಯಬಹುದಾಗಿತ್ತು. ಹೀಗಿರಲು 2010ರ ಫೆಬ್ರವರಿಯಲ್ಲಿ ಕೆವಿನ್ ಸ್ಮಿತ್ ಎಂಬ ಚಲನಚಿತ್ರ ನಿರ್ದೇಶಕರು ತಡವಾದ ವಿಮಾನಕ್ಕೆ ಎರಡು ಪೀಠಗಳನ್ನು ಕೊಂಡಿದ್ದವರು, ಅದಕ್ಕೆ ಮೊದಲು ಹೊರಡುವ ವಿಮಾನದಲ್ಲಿ ಉಳಿದಿದ್ದ ಒಂದೇ ಪೀಠದಲ್ಲಿ ಕುಳಿತರು. ಕುಳಿತ ಮೇಲೆ ಅವರನ್ನು ಎಲ್ಲರ ಕಣ್ಣೆದುರಿನಲ್ಲಿ ಎಬ್ಬಿಸಿ ಕೆಳಗಿಳಿಸಲಾಯಿತು. ಸಂಸ್ಥೆಯು ಬಳಿಕ ಕ್ಷಮೆಯನ್ನು ಕೇಳಿತು. ಟಿಕೇಟಿನ ಹಣವನ್ನು ಮರಳಿಸಬಹುದು. ನೂರು ಕಣ್ಣುಗಳ ನಡುವೆ ನಡೆದು ಹೊರಬಂದ ಆ ಕೆಲವು ಹೆಜ್ಜೆಗಳನ್ನು ಮರಳಿಸುವ ಬಗೆಯಿಲ್ಲ. ಅದೇ ಸಂಸ್ಥೆಯು 2025ರಲ್ಲಿ ನಿಯಮವನ್ನು ಬಿಗಿಗೊಳಿಸಿ, 2026ರ ಜನವರಿ 27ರಿಂದ ವಿಮಾನದಲ್ಲಿ ಪೀಠ ಖಾಲಿ ಉಳಿದಿದ್ದರೆ ಮಾತ್ರ ಎರಡನೆಯ ಪೀಠದ ಹಣ ಮರಳುವುದೆಂದು ಸಾರಿತು.

ಪೆಸಿಫಿಕ್ ಸಾಗರದ ಸಮೋವಾ ದ್ವೀಪದಲ್ಲಿ ಬೇರೊಂದು ಮಾರ್ಗ ಕಂಡಿತು. 2013ರಲ್ಲಿ ಸಮೋವಾ ಏರ್ ಎಂಬ ಚಿಕ್ಕ ಸಂಸ್ಥೆಯು ಪ್ರಯಾಣಿಕನನ್ನೂ ಅವನ ಗಂಟನ್ನೂ ಕೂಡಿಸಿ ತೂಗಿ, ಕಿಲೋಗ್ರಾಮಿಗೆ ಇಷ್ಟೆಂದು ಹಣವನ್ನು ವಸೂಲು ಮಾಡಿತು. ಅದರ ವಿಮಾನಗಳು ಅತಿ ಸಣ್ಣವು. ಅಲ್ಲಿ ಪ್ರತಿಯೊಂದು ಕಿಲೋಗ್ರಾಮೂ ಲೆಕ್ಕಕ್ಕೆ ಬರುವುದೆಂಬುದು ಸಂಸ್ಥೆಯ ವಾದ. ಲೆಕ್ಕಶಾಸ್ತ್ರದಲ್ಲಿ ಈ ಮಾತು ಸರಿಯಾಗಿಯೇ ಕಾಣುತ್ತದೆ. ಆದರೆ ಮನುಷ್ಯನನ್ನು ಮೂಟೆಯಂತೆ ತೂಗಿ ಬೆಲೆ ಕಟ್ಟುವಾಗ, ಆ ಮೂಟೆಯೊಳಗೆ ತೂಕವೇ ಇಲ್ಲದ ಒಂದು ಚೈತನ್ಯವಿದೆಯೆಂಬ ಅರಿವಿಗೆ ಎಡೆ ಉಳಿಯುವುದು ಕಷ್ಟ.

ಕೆನಡಾ ದೇಶದಲ್ಲಿ ಮೂರನೆಯ ಮಾರ್ಗವನ್ನು ಹಿಡಿದರು. 2008ರ ಜನವರಿಯಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರವು ಒಬ್ಬ ವ್ಯಕ್ತಿಗೆ ಒಂದೇ ದರ ಎಂಬ ತೀರ್ಪನ್ನು ಕೊಟ್ಟಿತು. ಅಂಗವೈಕಲ್ಯದಿಂದಾಗಿ ಸಹಾಯಕನೊಬ್ಬನನ್ನು ಜತೆಗೆ ಕರೆದೊಯ್ಯಲೇಬೇಕಾದವರಿಂದಲೂ, ಸ್ಥೂಲತೆಯಿಂದ ಅಶಕ್ತರಾಗಿ ಎರಡು ಪೀಠಗಳ ಅಗತ್ಯವುಳ್ಳವರಿಂದಲೂ, ದೇಶದೊಳಗಿನ ಪ್ರಯಾಣಕ್ಕೆ ಎರಡನೆಯ ಪೀಠದ ಹಣವನ್ನು ಕೇಳಕೂಡದೆಂಬುದು ಅದರ ತಾತ್ಪರ್ಯ. ವಿಮಾನ ಸಂಸ್ಥೆಗಳು ಮೇಲ್ಮನವಿಗೆ ಹೋದವು. ಅದೇ ವರ್ಷದ ಕೊನೆಗೆ ಆ ದೇಶದ ಸರ್ವೋಚ್ಚ ನ್ಯಾಯಾಲಯವು ಮನವಿಯನ್ನು ಆಲಿಸಲು ಒಪ್ಪಲಿಲ್ಲ. 2009ರ ಜನವರಿಯಿಂದ ನಿಯಮ ಜಾರಿಗೆ ಬಂದಿತು. ಇದರಿಂದ ಬೀಳುವ ಹೊರೆಯನ್ನು ಎಲ್ಲ ಪ್ರಯಾಣಿಕರಿಗೆ ಹಂಚಿದರೆ ಏರ್ ಕೆನಡಾ ಸಂಸ್ಥೆಯ ಒಂದು ಟಿಕೇಟಿಗೆ ಸುಮಾರು 77 ಸೆಂಟು, ವೆಸ್ಟ್‌ಜೆಟ್ ಸಂಸ್ಥೆಯ ಟಿಕೇಟಿಗೆ ಸುಮಾರು 44 ಸೆಂಟು ಆಗುವುದೆಂದು ಪ್ರಾಧಿಕಾರವೇ ಲೆಕ್ಕ ಹಾಕಿತ್ತು. ಒಂದು ಡಾಲರಿಗೆ ನೂರು ಸೆಂಟು. ಎಲ್ಲರೂ ಒಂದು ಡಾಲರಿಗಿಂತ ಕಡಿಮೆಯ ಭಾಗವನ್ನು ಹೊತ್ತರೆ ಒಬ್ಬನ ಮೇಲೆ ಬೀಳುವ ದುಪ್ಪಟ್ಟು ಹೊರೆ ಇಳಿಯುತ್ತದೆ.

ತೂಕದ ವಿಚಾರವೇ ಅಪಮಾನವೆಂದು ತಿಳಿಯುವುದೂ ತಪ್ಪು. 2003ರ ಜನವರಿ 8ರಂದು ಅಮೆರಿಕದ ಶಾರ್ಲಟ್ ನಗರದಲ್ಲಿ ಚಿಕ್ಕ ವಿಮಾನವೊಂದು ಮೇಲೇರುತ್ತಿದ್ದಂತೆಯೇ ಬಿದ್ದು ಅದರಲ್ಲಿದ್ದ 21 ಮಂದಿಯೂ ಮಡಿದರು. ಬಾಲದ ನಿಯಂತ್ರಣತಂತಿಯನ್ನು ತಪ್ಪಾಗಿ ಜೋಡಿಸಿದ್ದು ಒಂದು ಕಾರಣವಾದರೆ, ಹಳೆಯ ಸರಾಸರಿ ತೂಕವನ್ನು ನಂಬಿ ಮಾಡಿದ ಲೆಕ್ಕ ವಾಸ್ತವಕ್ಕಿಂತ ಕಡಿಮೆಯಾಗಿ, ವಿಮಾನದ ಹಿಂಭಾಗಕ್ಕೆ ಭಾರ ಹೆಚ್ಚಿದ್ದು ಇನ್ನೊಂದು ಕಾರಣ. ಆ ಬಳಿಕ ಲೆಕ್ಕದ ಸರಾಸರಿಯನ್ನು ಏರಿಸಲಾಯಿತು. ಆದುದರಿಂದ ಸತ್ಯವನ್ನು ತಿಳಿಯಲೇಬೇಕು. ತಿಳಿಯುವ ರೀತಿ ಮಾತ್ರ ಹಿತವಾಗಿರಬೇಕು. 2024ರಲ್ಲಿ ಫಿನ್ಲೆಂಡ್ ದೇಶದ ಫಿನ್ನೇರ್ ಸಂಸ್ಥೆಯು ಹೆಲ್ಸಿಂಕಿ ನಿಲ್ದಾಣದಲ್ಲಿ ಪ್ರಯಾಣಿಕರನ್ನು ತೂಗಿತು. ಸ್ವಂತ ಇಚ್ಛೆಯಿಂದ ಬಂದವರನ್ನು ಮಾತ್ರ ತೂಗಲಾಯಿತು. ಅವರ ಹೆಸರನ್ನು ಬರೆದುಕೊಳ್ಳಲಿಲ್ಲ. ಅಂಕಿಯನ್ನು ಸಾಲಿನಲ್ಲಿ ನಿಂತ ಇತರರಿಗೆ ತೋರಿಸಲಿಲ್ಲ. ಸತ್ಯಾಣುವ್ರತವೂ ಅಹಿಂಸಾಣುವ್ರತವೂ ಒಂದರೊಡನೊಂದು ಹೇಗೆ ನಡೆಯಬಹುದೆಂಬುದಕ್ಕೆ ಇದು ಲೌಕಿಕವಾದ ಒಳ್ಳೆಯ ನಿದರ್ಶನ.

ಅನೇಕಾಂತದೃಷ್ಟಿಯುಳ್ಳವನು ಈ ವ್ಯಾಜ್ಯದಲ್ಲಿ ಒಂದೇ ಪಕ್ಷವನ್ನು ಹಿಡಿದು ಕೂರಲಾರನು. ಸ್ಥೂಲಕಾಯನಿಗೆ ನೋವಿದೆ: ವಿಮಾನ ಹತ್ತುವ ಮೊದಲೇ ಅವನ ಎದೆ ಅಳುಕುತ್ತದೆ, ನಡುಪಟ್ಟಿ ಸಾಲದೆ ಹೆಚ್ಚಿನ ತುಂಡನ್ನು ಕೇಳಬೇಕಾದಾಗ ಅವನ ಧ್ವನಿ ಕುಗ್ಗುತ್ತದೆ. ಪಕ್ಕದವನಿಗೂ ನೋವಿದೆ: ಅವನೂ ಹಣ ಕೊಟ್ಟವನೇ, ಹದಿನಾಲ್ಕು ಗಂಟೆಗಳ ಕಾಲ ಅರೆಪೀಠದಲ್ಲಿ ಓರೆಯಾಗಿ ಕುಳಿತರೆ ಅವನ ಬೆನ್ನು ನೋಯುವುದು ಸುಳ್ಳಲ್ಲ. ಸಂಸ್ಥೆಗೆ ಇಂಧನದ ಖರ್ಚಿದೆ. ಈ ಮೂರು ನಯಗಳನ್ನೂ ಒಪ್ಪಿಕೊಂಡ ಮೇಲೆ, ಯಾವ ನಿಯಮವು ಅವ್ಯಾಬಾಧಕ್ಕೆ, ಎಂದರೆ ಯಾರಿಗೂ ಬಾಧೆಯಾಗದ ಸ್ಥಿತಿಗೆ ಹೆಚ್ಚು ಹತ್ತಿರವೆಂದು ನೋಡಬೇಕು. ಕೆನಡಾದ ನಿಯಮದಲ್ಲಿ ಸ್ಥೂಲನಿಗೆ ಎಡೆ ದೊರೆಯುತ್ತದೆ, ಪಕ್ಕದವನ ಎಡೆ ಅವನಿಗೇ ಉಳಿಯುತ್ತದೆ, ಹೊರೆ ಎಲ್ಲರಲ್ಲಿಯೂ ಹಂಚಿಹೋಗುತ್ತದೆ. ಜೀವರಾಶಿಯ ಲಕ್ಷಣವೇ ಪರಸ್ಪರ ಉಪಕಾರವೆಂದು ನಂಬಿದ ಸಮಾಜಕ್ಕೆ ಈ ಮಾರ್ಗವು ಪರಕೀಯವೆಂದು ತೋರಲಾರದು.

ಆದರೆ ನಿಯಮ ಎಷ್ಟೇ ಒಳ್ಳೆಯದಾದರೂ ಅದು ಪೀಠವನ್ನು ಮಾತ್ರ ಕೊಡಬಲ್ಲದು. ಮನಸ್ಸಿನಲ್ಲಿ ಎಡೆಯನ್ನು ಕೊಡಿಸಲಾರದು. ಸ್ಥೂಲದೇಹವನ್ನು ಕಂಡೊಡನೆ ನೋಡುವವನ ಮನಸ್ಸು ಒಂದು ತೀರ್ಪನ್ನು ಕೊಟ್ಟುಬಿಡುತ್ತದೆ: ಇವನು ಹೊಟ್ಟೆಬಾಕ, ಇವನು ಸೋಮಾರಿ, ಇವನಿಗೆ ಸಂಯಮವಿಲ್ಲ. ಈ ತೀರ್ಪು ಎಷ್ಟರ ಮಟ್ಟಿಗೆ ಸತ್ಯ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ಜಗತ್ತಿನ ಎಂಟು ಮಂದಿಯಲ್ಲಿ ಒಬ್ಬರು ಸ್ಥೂಲಕಾಯದವರು; ಎಂದರೆ ನೂರು ಕೋಟಿಗೂ ಮಿಕ್ಕಿದ ಜನ. ಇಷ್ಟು ಜನರ ಶೀಲ ಕೆಲವೇ ದಶಕಗಳಲ್ಲಿ ಏಕಕಾಲಕ್ಕೆ ಕೆಟ್ಟುಹೋಯಿತೆಂದು ಹೇಳುವುದು ಯುಕ್ತಿಗೆ ನಿಲ್ಲುವ ಮಾತಲ್ಲ. 1986ರಲ್ಲಿ ಆಲ್ಬರ್ಟ್ ಸ್ಟಂಕರ್ಡ್ ಎಂಬ ವೈದ್ಯವಿಜ್ಞಾನಿಯೂ ಅವರ ಸಂಗಡಿಗರೂ ಡೆನ್ಮಾರ್ಕ್ ದೇಶದಲ್ಲಿ ದತ್ತುಹೋಗಿ ಬೆಳೆದ 540 ಮಂದಿಯನ್ನು ಪರೀಕ್ಷಿಸಿದರು. ಅವರ ದೇಹದ ಗಾತ್ರವು ಉಣಿಸಿ ಬೆಳೆಸಿದ ತಂದೆತಾಯಿಗಳನ್ನು ಹೋಲದೆ, ಹೆತ್ತ ತಂದೆತಾಯಿಗಳನ್ನೇ ಹೋಲುತ್ತಿತ್ತು. 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಲೆಪ್ಟಿನ್ ಎಂಬ ರಸವನ್ನು ಕಂಡುಹಿಡಿದರು. ದೇಹದ ಕೊಬ್ಬೇ ಅದನ್ನು ಸ್ರವಿಸಿ ಹಸಿವಿನ ಲೆಕ್ಕವನ್ನು ಮಿದುಳಿಗೆ ತಿಳಿಸುತ್ತದೆ. ಥೈರಾಯಿಡ್ ಗ್ರಂಥಿಯ ದೋಷದಿಂದಲೂ, ಸ್ಟೆರಾಯಿಡ್ ಔಷಧಗಳಿಂದಲೂ, ಮನೋರೋಗದ ಕೆಲವು ಔಷಧಗಳಿಂದಲೂ ಮೈ ಬೆಳೆಯುವುದು ವೈದ್ಯರೆಲ್ಲರಿಗೂ ತಿಳಿದ ಸಂಗತಿ.

ಉಪವಾಸವನ್ನು ಬಲ್ಲ ಮನೆತನಗಳು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ವೃತ್ತಾಂತವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೊಲ್ಲಲು ಒಪ್ಪದೆ ಸೈನ್ಯ ಸೇರಲು ನಿರಾಕರಿಸಿದ 36 ಮಂದಿ ಅಮೆರಿಕದ ತರುಣರು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ ಎಂಬುವರ ಪ್ರಯೋಗಕ್ಕೆ ತಮ್ಮ ದೇಹಗಳನ್ನು ಒಪ್ಪಿಸಿದರು. ಯುದ್ಧದಿಂದ ಹಸಿದ ಜನರಿಗೆ ಪುನಃ ಅನ್ನ ಕೊಡುವ ಸರಿಯಾದ ಕ್ರಮವನ್ನು ತಿಳಿಯುವುದು ಅದರ ಉದ್ದೇಶ. 1945ರಲ್ಲಿ ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದು ಅವರು ತಮ್ಮ ತೂಕದ ಕಾಲುಭಾಗದಷ್ಟನ್ನು ಕಳೆದುಕೊಂಡರು. ಆಹಾರ ಮರಳಿ ದೊರೆತಾಗ ಅವರ ಹಸಿವು ತಣಿಯದಾಯಿತು. ಕೆಲವು ಕಾಲ ಅವರ ಮೈಯ ಕೊಬ್ಬು ಮೊದಲಿಗಿಂತಲೂ ಹೆಚ್ಚಿತು. ಹಿಂಸೆಯನ್ನೊಲ್ಲದೆ ಸ್ವೇಚ್ಛೆಯಿಂದ ಹಸಿದಿದ್ದ ಆ ದೃಢಮನಸ್ಕರನ್ನು ಸಂಯಮವಿಲ್ಲದವರೆಂದು ಯಾರು ತಾನೆ ಹೇಳಬಲ್ಲರು? ಹಸಿವಿಗೊಳಗಾದ ದೇಹ ತನ್ನದೇ ರೀತಿಯಲ್ಲಿ ಹಿಂದಿನ ಗಾತ್ರಕ್ಕೆ ಮರಳಲೆಳಸುತ್ತದೆಂಬುದನ್ನು ಇದು ತೋರಿಸುತ್ತದೆ.

ದೇಹದ ಆಕಾರದ ವಿಷಯದಲ್ಲಿ ಆಗಮವೂ ಸ್ಪಷ್ಟವಾಗಿ ನುಡಿದಿದೆ. ಶರೀರ, ಅಂಗೋಪಾಂಗ, ಸಂಸ್ಥಾನ, ಸಂಹನನ ಇವೆಲ್ಲವೂ ನಾಮಕರ್ಮದ ಪ್ರಕೃತಿಗಳು. ಸಮಚತುರಸ್ರದಿಂದ ಹುಂಡಕದವರೆಗೆ ಆರು ಸಂಸ್ಥಾನಗಳನ್ನು ಹೇಳಿದ ಆಚಾರ್ಯರು ಇಂಥ ಆಕಾರದವನು ಮೋಕ್ಷಮಾರ್ಗಕ್ಕೆ ಹೊರಗೆಂದು ಹೇಳಲಿಲ್ಲ. ಆತ್ಮನು ಸ್ವದೇಹಪರಿಮಾಣನು. ಗಡಿಗೆಯೊಳಗಿಟ್ಟ ದೀಪದ ಬೆಳಕು ಗಡಿಗೆಯಷ್ಟೇ ವ್ಯಾಪಿಸುವುದು, ಪಡಸಾಲೆಯಲ್ಲಿಟ್ಟರೆ ಪಡಸಾಲೆಯನ್ನು ತುಂಬುವುದು. ದೀಪವು ಎರಡೆಡೆಯಲ್ಲಿಯೂ ಒಂದೇ. ಆನೆಯ ಆತ್ಮನಿಗೂ ಕುಂಥುವಿನ ಆತ್ಮನಿಗೂ ಪ್ರದೇಶಗಳ ಸಂಖ್ಯೆಯಲ್ಲಿ ಭೇದವಿಲ್ಲ. ಹಾಗಿರುವಲ್ಲಿ ಅರವತ್ತು ಕಿಲೋಗ್ರಾಮಿನ ಮನುಷ್ಯನು ನೂರ ಇಪ್ಪತ್ತು ಕಿಲೋಗ್ರಾಮಿನ ಮನುಷ್ಯನಿಗಿಂತ ಮೇಲೆಂಬ ಭಾವಕ್ಕೆ ಆಧಾರವೆಲ್ಲಿ?

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕು. ಅದು ಅವನ ಕರ್ಮ ಎಂದು ಪರರನ್ನು ಕುರಿತು ಆಡುವವರು ಕರ್ಮಸಿದ್ಧಾಂತವನ್ನು ಅರಿತವರಲ್ಲ. ಕರ್ಮಸಿದ್ಧಾಂತವು ತನ್ನ ಮುಖವನ್ನು ನೋಡಿಕೊಳ್ಳುವ ಕನ್ನಡಿಯೇ ಹೊರತು ನೆರೆಯವನ ಮೇಲೆ ಎಸೆಯುವ ಕಲ್ಲಲ್ಲ. ಪರರ ದೇಹವನ್ನು ಹಳಿಯುವವನಿಗೆ ಆ ಹಳಿಯುವಿಕೆಯಿಂದಲೇ ಹೊಸ ಅಶುಭಕರ್ಮದ ಆಸ್ರವವಾಗುತ್ತದೆ ಎಂಬ ಅರ್ಧವನ್ನು ಅವನು ಮರೆತಿರುತ್ತಾನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿರುವ ಎಂಟು ಮದಗಳಲ್ಲಿ ಶರೀರದ ಮದವೂ ಒಂದು, ತಪಸ್ಸಿನ ಮದವೂ ಒಂದು. ಸ್ಥೂಲಕಾಯನನ್ನು ಕಂಡು ನಗುವ ವ್ರತಿಕನಲ್ಲಿ ಇವೆರಡೂ ಒಟ್ಟಿಗೆ ಸೇರಿರುತ್ತವೆ: ತನ್ನ ಮೈ ತೆಳುವಾದುದೆಂಬ ಮದ ಒಂದು, ಅದು ತನ್ನ ತಪಸ್ಸಿನ ಫಲವೆಂಬ ಮದ ಇನ್ನೊಂದು. ಭಾರತೀಯರಲ್ಲಿ ಮೇಲೆ ತೆಳುವಾಗಿ ಕಂಡರೂ ಹೊಟ್ಟೆಯೊಳಗೆ ಕೊಬ್ಬು ಸೇರಿ ಮಧುಮೇಹಕ್ಕೆ ತುತ್ತಾಗುವವರು ಬಹುಮಂದಿಯೆಂದು ವೈದ್ಯರು ಕಂಡುಕೊಂಡಿದ್ದಾರೆ. ಹೀಗಿರಲು ತೆಳುಮೈಯ ಮದಕ್ಕೆ ಲೌಕಿಕವಾದ ಆಧಾರವೂ ಇಲ್ಲ.

ವಿಮಾನದ ಪೀಠದಿಂದ ಬಸದಿಯ ಮಂಟಪಕ್ಕೆ ಈಗ ದೃಷ್ಟಿಯನ್ನು ತಿರುಗಿಸಬೇಕಾಗಿದೆ. ಇಂಥ ದೃಶ್ಯವನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು. ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಪಾರಣೆಯ ದಿನ ಬಂದಿರುತ್ತದೆ. ಸ್ಥೂಲದೇಹದ ಶ್ರಾವಿಕೆಯೊಬ್ಬಳು ಹತ್ತು ದಿನಗಳೂ ಏಕಭುಕ್ತವಿದ್ದು, ಅನಂತ ಚತುರ್ದಶಿಯಂದು ನಿರಾಹಾರವಾಗಿ ನೋಂಪಿಯನ್ನು ಪೂರೈಸಿ, ಮಂಟಪದಲ್ಲಿ ಕುಳಿತಿರುತ್ತಾಳೆ. ಹಿಂದಿನ ಸಾಲಿನಿಂದ ಒಂದು ಮಾತು ಕೇಳಿಬರುತ್ತದೆ: ಇಷ್ಟು ನೋಂಪಿ ಹಿಡಿದರೂ ಮೈ ಕರಗಲಿಲ್ಲವಲ್ಲ, ಮನೆಯಲ್ಲಿ ಏನು ನಡೆಯುತ್ತದೆಯೋ! ಮಾತಾಡಿದವಳಿಗೆ ಅದು ವಿನೋದ. ಕೇಳಿದವಳು ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಳ್ಳುತ್ತಾಳೆ. ಮರುವರ್ಷ ಅವಳು ನೋಂಪಿ ಹಿಡಿಯುವುದಿಲ್ಲ. ಮಂಡಿನೋವೆಂದು ಹೇಳಿ ಮನೆಯಲ್ಲಿಯೇ ಉಳಿಯುತ್ತಾಳೆ. ಧರ್ಮದಿಂದ ಜಾರುವವರನ್ನು ಹಿಡಿದು ನಿಲ್ಲಿಸುವುದು ಸ್ಥಿತೀಕರಣವೆಂಬ ಸಮ್ಯಗ್ದರ್ಶನದ ಅಂಗ. ಧರ್ಮದಲ್ಲಿ ನಿಂತವಳನ್ನು ನಾಲಗೆಯಿಂದ ತಳ್ಳಿ ಜಾರಿಸುವುದಕ್ಕೆ ಏನೆಂದು ಹೆಸರಿಡುವುದು?

ಆ ಮಾತಿನೊಳಗೆ ಇನ್ನೊಂದು ದೋಷವೂ ಅಡಗಿದೆ. ತಪಸ್ಸಿನ ಫಲ ನಿರ್ಜರೆ, ಮೈ ಇಳಿಯುವುದಲ್ಲ. ಹೊರಗಿನವರ ಕಣ್ಣಿಗೆ ಸುಂದರವಾಗಿ ತೋರಲೆಂದು ಉಪವಾಸ ಮಾಡುವವನು ನಿದಾನವೆಂಬ ಶಲ್ಯವನ್ನು ಹೊತ್ತವನು. ವ್ರತದ ಫಲವನ್ನು ತಕ್ಕಡಿಯಲ್ಲಿ ಹುಡುಕುವವರು ವ್ರತವನ್ನೇ ಅಪಮಾನ ಮಾಡುತ್ತಾರೆ. ಕರ್ಮದ ಭಾರ ಎಷ್ಟು ಕಳೆಯಿತೆಂಬುದನ್ನು ತೋರಿಸುವ ತಕ್ಕಡಿಯನ್ನು ಯಾರೂ ಮಾಡಿಲ್ಲ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗೆ ಅನುಸಾರವಾಗಿ ಮಾಡಬೇಕೆಂದಿದೆ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರ್ಜಲ ಉಪವಾಸ ಹಿಡಿದರೆ ರಕ್ತದಲ್ಲಿ ಸಕ್ಕರೆ ಕುಸಿದು ಪ್ರಾಣಾಪಾಯವೇ ಒದಗಬಹುದು. ಜನರ ಮಾತಿಗೆ ಅಂಜಿ ಮೈ ಕರಗಿಸಲು ಹೀಗೆ ಮಾಡುವವರುಂಟು. ಅಂಥವರ ಸಂಕಟದಲ್ಲಿ ಆ ಮಾತನ್ನಾಡಿದವರಿಗೂ ಪಾಲಿದೆ.

ಹಾಗೆಂದು ಆಹಾರಸಂಯಮ ಬೇಡವೆಂದು ಯಾರೂ ತಿಳಿಯಬಾರದು. ಸ್ಥೂಲತೆಯಿಂದ ಮಧುಮೇಹ, ರಕ್ತದೊತ್ತಡ, ಕೀಲುನೋವು ಹೆಚ್ಚುವುವೆಂಬುದು ನಿಜ. ಬಾಹ್ಯತಪಸ್ಸುಗಳಲ್ಲಿ ಎರಡನೆಯದಾದ ಅವಮೌದರ್ಯವು, ಎಂದರೆ ಹೊಟ್ಟೆ ತುಂಬುವ ಮೊದಲೇ ಕೈ ತೊಳೆಯುವುದು, ಎಲ್ಲರಿಗೂ ಹಿತವಾದುದು. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಹೇಳಿ, ಅದಕ್ಕೆ ಒಂದು ತುತ್ತು ಕಡಿಮೆಯಾದರೂ ಅವಮೌದರ್ಯವೇ ಎಂದು ಆಚಾರ್ಯರು ಕರುಣೆಯಿಂದ ಹೇಳಿದ್ದಾರೆ. ಆದರೆ ಆ ತುತ್ತುಗಳನ್ನು ಎಣಿಸತಕ್ಕದ್ದು ತನ್ನ ತಟ್ಟೆಯಲ್ಲಿ. ಪಾರಣೆಯ ದಿನ ತುಪ್ಪದ ಭಕ್ಷ್ಯಗಳನ್ನು ಮೂರು ಬಾರಿ ಬಡಿಸಿ ಒತ್ತಾಯಮಾಡುವ ಮನೆಯವರೇ ಉಂಡವನ ಹೊಟ್ಟೆಯನ್ನು ನೋಡಿ ನಗುವುದು ಎಲ್ಲಿಯ ನ್ಯಾಯ?

ನಿರ್ವಿಚಿಕಿತ್ಸೆಯೆಂಬ ಅಂಗಕ್ಕೆ ನಿದರ್ಶನವಾದ ಉದ್ದಾಯನ ಮಹಾರಾಜನ ಕಥೆಯನ್ನು ಎಲ್ಲರೂ ಕೇಳಿದ್ದಾರೆ. ಅವನನ್ನು ಪರೀಕ್ಷಿಸಲು ದೇವನೊಬ್ಬನು ಕುಷ್ಠರೋಗಿಯಾದ ಮುನಿಯ ವೇಷದಲ್ಲಿ ಬಂದನು. ಅರಸನು ಭಕ್ತಿಯಿಂದ ಆಹಾರವನ್ನು ಕೊಟ್ಟನು. ಮುನಿಯು ಇದ್ದುದೆಲ್ಲವನ್ನೂ ಉಂಡನು. ಉಂಡು ಅಲ್ಲಿಯೇ ದುರ್ಗಂಧದ ವಮನ ಮಾಡಿದನು. ಪರಿಜನರು ಮೂಗು ಮುಚ್ಚಿಕೊಂಡು ಓಡಿದರು. ಅರಸನೂ ರಾಣಿ ಪ್ರಭಾವತಿಯೂ ನಿಂತು ಮುನಿಯ ಮೈಯನ್ನು ತೊಳೆದರು. ಕಥೆಯಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ನೀವು ಅತಿಯಾಗಿ ಉಂಡಿರಿ ಎಂದು ಅರಸನು ಹೇಳಲಿಲ್ಲ. ತಾನು ಕೊಟ್ಟ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ತನ್ನನ್ನೇ ನಿಂದಿಸಿಕೊಂಡನು. ದೇವನು ಸೋತುದು ಆ ಮಾತಿಗೆ.

ಇದರಿಂದ ಗೃಹಸ್ಥನು ಆಚರಿಸಬಹುದಾದ ಕೆಲವು ನಡೆಗಳು ದೊರೆಯುತ್ತವೆ. ಪ್ರಯಾಣ ಹೊರಡುವವರಲ್ಲಿ ಸ್ಥೂಲಕಾಯದವರಿದ್ದರೆ ಸಂಸ್ಥೆಯ ನಿಯಮವನ್ನು ಮುಂಚೆಯೇ ಕೇಳಿ ತಿಳಿದು, ಅಗತ್ಯವನ್ನು ಮುಚ್ಚಿಡದೆ ಹೇಳುವುದು ಸತ್ಯವೂ ಹೌದು, ಪಕ್ಕದವನಿಗೆ ತೋರುವ ದಯೆಯೂ ಹೌದು. ಪಕ್ಕದಲ್ಲಿ ಕುಳಿತು ಇಕ್ಕಟ್ಟಾದವನು ಸೇವಕರನ್ನು ಒತ್ತಟ್ಟಿಗೆ ಕರೆದು, ಎಲ್ಲಿಯಾದರೂ ಖಾಲಿ ಪೀಠವಿದೆಯೇ ಎಂದು ಮೆಲುದನಿಯಲ್ಲಿ ಕೇಳಬಹುದು. ಹತ್ತು ಜನ ಕೇಳುವಂತೆ ದೂರಬೇಕಾದುದಿಲ್ಲ. ಪರರ ಕುಂದನ್ನು ಮರೆಮಾಡುವ ಉಪಗೂಹನವೂ ಸಮ್ಯಗ್ದರ್ಶನದ ಒಂದು ಅಂಗವಾಗಿರುವಾಗ, ಕುಂದೇ ಅಲ್ಲದ ದೇಹವನ್ನು ಎಲ್ಲರಿಗೂ ತೋರಿಸುವುದು ಹೇಗೆ ಒಪ್ಪುವುದು? ಬಸದಿಯ ಪ್ರವಚನಮಂದಿರದಲ್ಲಿ ನೆಲದ ಮೇಲೆ ಕುಳಿತುಕೊಳ್ಳಲಾರದವರಿಗಾಗಿ ತೋಳುಗಳಿಲ್ಲದ ಅಗಲವಾದ ಗಟ್ಟಿಯಾದ ನಾಲ್ಕು ಕುರ್ಚಿಗಳನ್ನು ಇಡಿಸುವುದಕ್ಕೆ ಬಹಳ ಹಣ ಬೇಕಿಲ್ಲ. ಮಕ್ಕಳು ಸಹಪಾಠಿಗೆ ದಡಿಯ, ಡುಮ್ಮಿ ಎಂದು ಹೆಸರಿಟ್ಟು ಕರೆದರೆ, ಇರುವೆಯನ್ನು ತುಳಿಯಬೇಡವೆಂದು ಕಲಿಸಿದ ತಾಯಿಯು ಇದನ್ನೂ ತಿದ್ದಬೇಕು.

ಮುಂಬರುವ ಪರ್ವದಲ್ಲಿ ಉಪವಾಸ, ಏಕಭುಕ್ತ, ರಸತ್ಯಾಗಗಳನ್ನು ಹಿಡಿಯುವವರು ಅವುಗಳ ಜತೆಗೆ ಇನ್ನೊಂದು ಚಿಕ್ಕ ನಿಯಮವನ್ನು ಕೂಡಿಸಿಕೊಳ್ಳಬಹುದು. ಹತ್ತು ದಿನಗಳ ಕಾಲ ಯಾರ ದೇಹದ ವಿಷಯವಾಗಿಯೂ, ದಪ್ಪವೆಂದಾಗಲಿ ಸಣಕಲೆಂದಾಗಲಿ, ಮಾತನಾಡದಿರುವುದು. ಮನಸ್ಸಿನಲ್ಲಿ ಅಂಥ ಮಾತು ಮೂಡಿದರೆ ಒಮ್ಮೆ ಣಮೋಕಾರವನ್ನು ಜಪಿಸುವುದು. ಅನ್ನವನ್ನು ಬಿಡುವುದಕ್ಕಿಂತ ಇದು ಸುಲಭವೆಂದು ಮೊದಲ ದಿನ ತೋರುವುದು. ಮೂರನೆಯ ದಿನಕ್ಕೆ ಕಷ್ಟ ತಿಳಿಯುವುದು. ರೋಗಿಗಳು, ವೃದ್ಧರು, ಗರ್ಭಿಣಿಯರು ಕೂಡ ಹಿಡಿಯಬಹುದಾದ ವ್ರತವಿದು. ಇದಕ್ಕೆ ವೈದ್ಯರ ಅಪ್ಪಣೆಯ ಅಗತ್ಯವಿಲ್ಲ.

ಸಿದ್ಧಲೋಕದಲ್ಲಿ ಅನಂತಾತ್ಮರು ಒಬ್ಬರೊಳಗೊಬ್ಬರು ಎಡೆಗೊಂಡು ಬಾಧೆಯಿಲ್ಲದೆ ಇರುವರೆಂಬುದನ್ನು ನಂಬಿದವನು ಈ ಲೋಕದ ಬೆಂಚಿನ ಮೇಲೆ, ಬಸ್ಸಿನಲ್ಲಿ, ವಿಮಾನದಲ್ಲಿ, ಬಸದಿಯ ಮಂಟಪದಲ್ಲಿ ಪಕ್ಕದವನಿಗಾಗಿ ಸ್ವಲ್ಪ ಸರಿದು ಕೂರಲು ಕಲಿಯಲಿ. ಮರುವರ್ಷದ ನೋಂಪಿಗೆ ಆ ಶ್ರಾವಿಕೆಯು ತಿರುಗಿ ಬಂದಾಗ ಮುಂದಿನ ಸಾಲಿನವರು ಜರುಗಿ ಅವಳಿಗೆ ಎಡೆ ಕೊಡಲಿ. ಸರ್ವಜೀವರಿಗೂ ಸದ್ಧರ್ಮವೃದ್ಧಿಯಾಗಲಿ.